ಕಣ್ಣಿನ ಗಾಯಕ್ಕೆ ಗರ್ಭದ ಹೊದಿಕೆ



ಹೆರಿಗೆಯಾದ ಮೇಲೆ ಮಾಸನ್ನು ನೆಲದಲ್ಲಿ ಹೂಳುವುದು ನಮ್ಮ ಹಳ್ಳಿಗಳ ವಾಡಿಕೆ. ಮಗುವು ಗರ್ಭದಲ್ಲಿ ತೇಲುತ್ತಿದ್ದ ನೀರಿನ ಚೀಲವೂ ಅದರೊಡನೆ ಮಣ್ಣಿಗೆ ಸೇರುತ್ತದೆ. ಆ ಚೀಲದ ಒಳಮೈಯ ನವುರಾದ ಪದರವು, ಏಡಿಗಂತಿಯನ್ನು ಕತ್ತರಿಸಿ ತೆಗೆದ ಕಣ್ಣಿಗೆ ಹೊದಿಕೆಯಾಗಬಲ್ಲುದೆಂದರೆ ಕೇಳಿದವರಿಗೆ ಸೋಜಿಗವೆನಿಸೀತು.

ಕಣ್ಣಿನ ಬಿಳಿಯ ಭಾಗವನ್ನು ತೆಳುವಾದ, ನುಣುಪಾದ ಪದರವೊಂದು ಮುಚ್ಚಿರುವುದಷ್ಟೆ. ವೈದ್ಯರು ಇದನ್ನು ಕಂಜಂಕ್ಟೈವ ಎನ್ನುತ್ತಾರೆ. (ಮುಪ್ಪಿನಲ್ಲಿ ಬರುವ ‘ಕಣ್ಣಿನ ಪೊರೆ’ ಬೇರೆ, ಅದು ಒಳಗಣ ಮಸೂರವು ಮಬ್ಬಾಗುವುದು.) ಕರಿಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಇರುವುದು ಕಾರ್ನಿಯ. ಇವೆರಡೂ ಕೂಡುವ ಅಂಚಿನಲ್ಲಿಯೇ ಈ ಗೆಡ್ಡೆಗಳು ಹೆಚ್ಚಾಗಿ ಹುಟ್ಟುವುವು. ಬಿಸಿಲಿನ ಅತಿನೇರಳೆ ಕಿರಣಗಳು ಇದಕ್ಕೊಂದು ಕಾರಣ, ಎಚ್.ಐ.ವಿ. ಸೋಂಕಿರುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಗೆಡ್ಡೆಯನ್ನು ತೆಗೆಯುವಾಗ ಅದರ ಸುತ್ತ ಬಿಳಿಯ ಭಾಗದಲ್ಲಿ 3ರಿಂದ 4 ಮಿಲಿಮೀಟರಿನಷ್ಟು, ನೋಡುವುದಕ್ಕೆ ಆರೋಗ್ಯವಾಗಿಯೇ ಇರುವ ಪದರವನ್ನೂ ಸೇರಿಸಿ ತೆಗೆಯಬೇಕು. ಉಳಿದ ಅಂಚನ್ನು ಅತಿಶೀತದಿಂದ ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೊಮ್ಮೆ ಹೆಪ್ಪುಗಟ್ಟಿಸಬೇಕು. 5 ಮಿಲಿಮೀಟರಿನ ಗಂಟಿಗೆ ಗಾಯವು 12 ಮಿಲಿಮೀಟರನ್ನು ಮುಟ್ಟೀತು. ಇಡೀ ಕಾರ್ನಿಯದ ಅಗಲವೇ ಹೆಚ್ಚುಕಡಿಮೆ ಅಷ್ಟು! ಸಣ್ಣ ಗಾಯವಾದರೆ ಎಳೆದು ಹೊಲಿಯಬಹುದು. ದೊಡ್ಡದನ್ನು ಹಾಗೆ ಎಳೆದರೆ ಕಲೆ ಬಿಗಿದು ರೆಪ್ಪೆಯು ಗುಡ್ಡೆಗೆ ಅಂಟೀತು, ಕಣ್ಣು ಸರಾಗವಾಗಿ ಹೊರಳದೆ ಒಂದು ವಸ್ತು ಎರಡಾಗಿ ಕಂಡೀತು. ಮುಚ್ಚುವುದು ಹೇಗೆಂಬ ಅಂಜಿಕೆಯಿಂದ ಶಸ್ತ್ರವೈದ್ಯನ ಕೈ ಜಿಪುಣವಾದರೆ, ಉಳಿದ ಬೇರು ಮತ್ತೆ ಚಿಗುರುತ್ತದೆ. ಈ ಹೊದಿಕೆಯ ದೊಡ್ಡ ಉಪಕಾರವೆಂದರೆ ಅಂದಚೆಂದವಲ್ಲ. ವೈದ್ಯನು ಧಾರಾಳವಾಗಿ ಕತ್ತರಿಸುವಂತೆ ಧೈರ್ಯ ಕೊಡುವುದೇ ಎಂದು ನನ್ನ ಎಣಿಕೆ.

ಈ ಉಪಾಯ ಹೊಸದಲ್ಲ. 1940ರಲ್ಲಿ ಡಿ ರಾತ್ ಎಂಬವರು ಗರ್ಭದ ಪೊರೆಗಳನ್ನು ಕಣ್ಣಿಗೆ ಕಸಿಮಾಡಿ ನೋಡಿದರು. ಫಲ ಅಷ್ಟಾಗಿ ದೊರೆಯಲಿಲ್ಲ. 1946ರಲ್ಲಿ ಇಂಗ್ಲೆಂಡಿನ ಸಾರ್ಸ್‌ಬಿ ಮತ್ತು ಸೈಮನ್ಸ್ ಕ್ಷಾರಾದಿಗಳಿಂದ ಸುಟ್ಟ ಕಣ್ಣುಗಳಿಗೆ ಇದನ್ನು ಬಳಸಿದರು. ಆಮೇಲೆ ಅದನ್ನು ಬಹುಮಟ್ಟಿಗೆ ಮರೆತೇಬಿಟ್ಟರು! ಅಮೆರಿಕದ ಮಯಾಮಿಯಲ್ಲಿ ಕಿಮ್ ಮತ್ತು ಸೆಂಗ್ 1995ರಲ್ಲಿ ಮೊಲಗಳ ಕಣ್ಣಿನ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದಮೇಲೆಯೇ ಇದು ಮತ್ತೆ ಬಳಕೆಗೆ ಬಂದುದು.

ಈ ಪೊರೆಯಲ್ಲಿ ರಕ್ತನಾಳಗಳಿಲ್ಲ. ಉರಿಯೂತವನ್ನೂ ಕಲೆಗಟ್ಟುವುದನ್ನೂ ಇದು ತಗ್ಗಿಸುತ್ತದೆ; ಪರರದೆಂದು ದೇಹವು ಇದನ್ನು ತಿರಸ್ಕರಿಸುವುದು ವಿರಳ. ತಾಯಿಯ ಒಪ್ಪಿಗೆ ಪಡೆದು, ಆಕೆಯ ರಕ್ತವನ್ನು ಸೋಂಕುಗಳಿಗಾಗಿ ಪರೀಕ್ಷಿಸಿ, ಸಾಮಾನ್ಯವಾಗಿ ಸಿಸೇರಿಯನ್ ಹೆರಿಗೆಯಿಂದ ಇದನ್ನು ತೆಗೆದುಕೊಳ್ಳುತ್ತಾರೆ. ಸೊನ್ನೆಗಿಂತ 80 ಡಿಗ್ರಿ ಕೆಳಗೆ ಘನೀಕರಿಸಿ ಕಾಪಾಡುವುದುಂಟು. ಗಾಯದ ಮೇಲೆ ಹಾಸಿ, ಕೂದಲಿಗಿಂತ ಸಣ್ಣ ದಾರದಿಂದಲೋ ಫೈಬ್ರಿನ್ ಅಂಟಿನಿಂದಲೋ ನಿಲ್ಲಿಸುತ್ತಾರೆ.

ಆದರೆ ಇದು ಹದಮಾಡಿದ ನೆಲವೇ ಹೊರತು ಬೀಜವಲ್ಲ. ಕಾರ್ನಿಯದ ಹೊರಮೈಯನ್ನು ಸದಾ ಹೊಸದಾಗಿಸುವ ಮೂಲ ಜೀವಕಣಗಳು ಆ ಅಂಚಿನಲ್ಲಿಯೇ ಇವೆ. ಗೆಡ್ಡೆಯೊಡನೆ ಅಂಚಿನ ಬಹುಭಾಗ ಹೋಯಿತೆನ್ನಿ: ಬಿಳಿಯ ಭಾಗದ ಪದರವು ರಕ್ತನಾಳಗಳೊಡನೆ ಕಾರ್ನಿಯದ ಮೇಲೆ ಹರಿದು ನೋಟ ಮಸುಕಾಗುತ್ತದೆ. ಆಗ ಬೀಜವನ್ನೂ ಬಿತ್ತಬೇಕು. ಹೈದರಾಬಾದಿನ ಎಲ್. ವಿ. ಪ್ರಸಾದ್ ನೇತ್ರಸಂಸ್ಥೆಯ ಸಾಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ವಿಧಾನ ಸರಳವಾದುದು. ಒಳ್ಳೆಯ ಕಣ್ಣಿನ ಅಂಚಿನಿಂದ ಸುಮಾರು 2 ಮಿಲಿಮೀಟರ್ ಚದರದ ತುಣುಕನ್ನು ತೆಗೆದು, ಚೂರುಮಾಡಿ, ಈ ಪೊರೆಯ ಮೇಲೆ ಅಂಟಿಸುವುದು. ಪ್ರಯೋಗಶಾಲೆಯಲ್ಲಿ ಬೆಳೆಸುವ ಖರ್ಚಿಲ್ಲ. ಅವರು ಇದನ್ನು ಮೊದಲು ಮಾಡಿದ್ದು ಸುಟ್ಟ ಕಣ್ಣುಗಳಿಗೆ; ಏಡಿಗಂತಿಯ ರೋಗಿಯಲ್ಲಾದರೋ, ಬೀಜ ಕೊಡುವ ಕಣ್ಣು ನಿರ್ದೋಷವೆಂದು ಮೊದಲು ಖಚಿತವಾಗಬೇಕು.

ಕೆಲವು ಗೆಡ್ಡೆಗಳು ಇಂಟರ್‌ಫೆರಾನ್ ಮೊದಲಾದ ಔಷಧದ ಹನಿಗಳಿಗೇ ಕರಗುವುದುಂಟು. ಅಂಥವರಿಗೆ ಕತ್ತರಿಯೂ ಬೇಡ, ಹೊದಿಕೆಯೂ ಬೇಡ. ಹೊದಿಕೆ ಹಾಕಿಸಿಕೊಂಡವರಲ್ಲಿ ಪೊರೆಯು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕರಗಿಯೋ ಬೆರೆತೋ ಹೋಗಿ, ರೋಗಿಯ ಸ್ವಂತ ಜೀವಕಣಗಳು ಆ ಜಾಗವನ್ನು ಮುಚ್ಚುತ್ತವೆ. ತೆಗೆದ ತುಂಡಿನ ಅಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಅವು ಶುದ್ಧವೆಂದು ಕಂಡರೂ ರೋಗಿಯು ವರ್ಷಗಟ್ಟಲೆ ಆಗಾಗ್ಗೆ ಬಂದು ಕಣ್ಣು ತೋರಿಸಿ ಹೋಗಬೇಕು.