ಮಿಡಿತವೊ, ಬೇಲಿಯ ಕಿಡಿಯೊ?

ಕಲಘಟಗಿ ತಾಲೂಕಿನ ನಮ್ಮ ದುಮ್ಮವಾಡದಲ್ಲಿ ರಾತ್ರಿ ಬೇಗನೆ ನಿಶ್ಶಬ್ದವಾಗುತ್ತದೆ. ಆದರೆ ಕಿವಿಗೆ ನಿಶ್ಶಬ್ದವಾದದ್ದು ರೇಡಿಯೋಕ್ಕೂ ನಿಶ್ಶಬ್ದವೆಂದು ಭಾವಿಸಬಾರದು. ಗುಡುಗು ಸಿಡಿಲಿನ ಸಂಜೆ ಈ ಪೆಟ್ಟಿಗೆಯಲ್ಲಿ ಪಟಪಟ ಸದ್ದು ಕೇಳಿದವರಿಗೆಲ್ಲ ಈ ಸಂಗತಿ ಗೊತ್ತಿದೆ. ಅಂಥ ಗದ್ದಲದ ನಡುವೆ ನಕ್ಷತ್ರವೊಂದರ ನಾಡಿಯನ್ನು ಹಿಡಿಯುವುದು ಹೇಗೆ, ಹಿಡಿದೆವೆಂದು ಹೇಳುವ ಮೊದಲು ಮಾಡಬೇಕಾದದ್ದೇನು ಎಂಬುದೇ ಇಂದಿನ ನನ್ನ ಮಾತಿನ ವಸ್ತು.

1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಕಾಗದದ ಸುರುಳಿಯ ಮೇಲೆ ವಿಚಿತ್ರವಾದ ಗೀಟುಗಳನ್ನು ಕಂಡರು. 1.337 ಸೆಕೆಂಡಿಗೊಮ್ಮೆ ತಪ್ಪದೆ ಬರುತ್ತಿದ್ದ ಆ ಮಿಡಿತವೇ ಮೊದಲ ಪಲ್ಸಾರ್. ಅಂದರೆ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರ. ನಮ್ಮ ನಾಡಿಗೂ ಈ ವಿದ್ಯೆ ಹೊಸದಲ್ಲ. ಬೆಂಗಳೂರಿನ ಎರಡು ಸಂಸ್ಥೆಗಳು ಕೂಡಿ ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳನ್ನು ಟಿ ಆಕಾರದಲ್ಲಿ ಹೂಡಿ, 1976ರಿಂದ 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಕಾಶವನ್ನು ಆಲಿಸಿದವು. ಬಿ 0943+10 ಎಂಬ ಪಲ್ಸಾರ್ ಕುರಿತು ಅಸ್ಗೇಕರ್ ಮತ್ತು ದೇಶಪಾಂಡೆಯವರು ಅಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು.

ನಮ್ಮದು ಅಷ್ಟು ದೊಡ್ಡ ಸಾಹಸವಲ್ಲ. ನನ್ನ ಅಣ್ಣನ ಮಗ ಕಾಲೇಜಿನ ಹುಡುಗ. ಅವನು ಮಾಳಿಗೆಯ ಮೇಲೆ ಆಂಟೆನಾ ಕಟ್ಟಿ, ಟೀವಿಗೆಂದು ತಯಾರಾದ ಬೆರಳುದ್ದದ ಗ್ರಾಹಕವನ್ನು ಕಂಪ್ಯೂಟರಿಗೆ ಜೋಡಿಸಿದ. ಗುರಿ ಬಿ 0329+54. ಉತ್ತರದ ಆಕಾಶದ ಪ್ರಬಲ ಪಲ್ಸಾರ್. ಕಾರ್ತಿಕದ ನಡುರಾತ್ರಿ ಅದು ನಮ್ಮೂರಿನ ದಿಗಂತದಿಂದ ಸುಮಾರು 50 ಅಂಶ ಮೇಲಿರುತ್ತದೆ. 0.7145 ಸೆಕೆಂಡಿಗೊಮ್ಮೆ ಮಿಡಿಯುತ್ತದೆ.

ಗ್ರಾಹಕವು ಸೆಕೆಂಡಿಗೆ 20 ಲಕ್ಷ ಸಲ ಅಳೆದು ಅಂಕಿಗಳನ್ನು ಸುರಿಯುತ್ತದೆ. ಒಂದು ಗಂಟೆಗೆ 14 ಗಿಗಾಬೈಟಿಗೂ ಹೆಚ್ಚು. ಇದು ಕಣಕ್ಕೆ ಬಂದ ಬೆಳೆ, ಇನ್ನೂ ಕಾಳಲ್ಲ. ಮೊದಲು ಈ ರಾಶಿಯನ್ನು 64 ಸಣ್ಣ ಕಂಪನಾಂಕಗಳ ಕಾಲುವೆಗಳಾಗಿ ಒಡೆಯಬೇಕು. ಪ್ರತಿಯೊಂದರ ಶಕ್ತಿಯನ್ನು ಸಾವಿರಾಂಶ ಸೆಕೆಂಡಿಗೊಮ್ಮೆ ಸರಾಸರಿ ಮಾಡಿ ಬರೆದಿಡಬೇಕು. ಆಗ ಗಂಟೆಯ ಬೆಳೆ 230 ಮೆಗಾಬೈಟಿಗೆ ಇಳಿಯುತ್ತದೆ.

ಕಾಲುವೆಗಳೇಕೆ ಬೇಕು? ನಕ್ಷತ್ರಗಳ ನಡುವಣ ಅವಕಾಶದಲ್ಲಿ ಹರಡಿರುವ ಎಲೆಕ್ಟ್ರಾನುಗಳು ತಗ್ಗಿನ ಕಂಪನಾಂಕದ ಅಲೆಗಳನ್ನು ಹೆಚ್ಚು ತಡೆಯುತ್ತವೆ. ಒಂದೇ ಮಿಡಿತದ ಮೇಲಿನ ಕಂಪನಾಂಕ ಮೊದಲು, ಕೆಳಗಿನದು ಆಮೇಲೆ ತಲುಪುತ್ತದೆ. ಗೌರಿಬಿದನೂರಿನ ಕಂಪನಾಂಕದಲ್ಲಿ, ಕೇವಲ 1 ಮೆಗಾಹರ್ಟ್ಸ್ ಅಗಲದ ಪಟ್ಟಿಯೊಳಗೆ, ಬಿ 0943+10ರ ಮಿಡಿತ ಸುಮಾರು 3 ಸೆಕೆಂಡುಗಳಷ್ಟು ಚದುರುತ್ತದೆ. ಅದರ ಆವರ್ತನ ಕಾಲವಾದರೋ 1.1 ಸೆಕೆಂಡು ಮಾತ್ರ! ಪ್ರತಿ ಕಾಲುವೆಯನ್ನೂ ತಕ್ಕಷ್ಟು ಹಿಂದಕ್ಕೆ ಸರಿಸದಿದ್ದರೆ ಮಿಡಿತಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ.

ಹೀಗೆ ಸಿದ್ಧವಾದ ಕಡತಕ್ಕೆ ಶಿರೋಲೇಖವೊಂದು ಬೇಕು. ಪ್ರೆಸ್ಟೊದಂಥ ವಿಶ್ಲೇಷಣಾ ತಂತ್ರಾಂಶ ನಮ್ಮ ಮಾಳಿಗೆಯನ್ನು ಕಂಡಿಲ್ಲ, ಶಿರೋಲೇಖವನ್ನೇ ನಂಬುತ್ತದೆ. ಕಾಲುವೆಗಳನ್ನು ತಲೆಕೆಳಗಾಗಿ ಬರೆದರೆ ತಿದ್ದುಪಡಿಯು ಚದುರಿಕೆಯನ್ನು ಕಳೆಯುವ ಬದಲು ಇಮ್ಮಡಿಗೊಳಿಸುತ್ತದೆ. ಆರಂಭದ ವೇಳೆಯನ್ನು ವಿಶ್ವವೇಳೆಯಲ್ಲಿ ಬರೆಯಬೇಕಾದಲ್ಲಿ ನಮ್ಮ ಗಡಿಯಾರ ನೋಡಿ ಬರೆದರೆ ಐದೂವರೆ ಗಂಟೆ ತಪ್ಪುತ್ತದೆ. ಒಂದು ರಾತ್ರಿಯ ಚಿತ್ರ ಹೇಗೋ ಮೂಡೀತು. ಬೇರೆಯವರ ಅಳತೆಯೊಡನೆ ಹೋಲಿಸುವಾಗ ಅದು ಕೆಲಸಕ್ಕೆ ಬಾರದು.

ಕೊನೆಯದು ಮಡಚುವ ಕೆಲಸ. ಗಂಟೆಯೊಂದರಲ್ಲಿ 5,000ಕ್ಕೂ ಹೆಚ್ಚು ಮಿಡಿತಗಳಿವೆ. ಒಂದೊಂದೂ ಗದ್ದಲದಲ್ಲಿ ಮುಳುಗಿರುತ್ತದೆ. ಒಂದರ ಮೇಲೊಂದನ್ನು ಸೇರಿಸಿದಾಗ ಗದ್ದಲದೆದುರು ಸಂಕೇತ ಸುಮಾರು 70 ಪಟ್ಟು ಬಲಗೊಳ್ಳುತ್ತದೆ. ಇಳಕಲ್ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚುವಂತೆಯೇ ಇದು. ಮಡಿಕೆಯ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅಂಚು ಜಾರುತ್ತ ಹೋಗುತ್ತದೆ. ಭೂಮಿಯು ಸೆಕೆಂಡಿಗೆ 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುತ್ತಿದೆ. ಆ ಚಲನೆಯನ್ನು ಲೆಕ್ಕಕ್ಕೆ ತಾರದಿದ್ದರೆ ಈ ಪಲ್ಸಾರ್ ಗಂಟೆಯೊಂದರಲ್ಲಿ 0.3 ಸೆಕೆಂಡಿನವರೆಗೂ ಜಾರಬಹುದು. ಹೆಚ್ಚುಕಡಿಮೆ ಅರ್ಧ ಮಿಡಿತ!

ಒಂದು ಬೆಳಗಿನ ಜಾವ ಹುಡುಗ ನನ್ನನ್ನು ಎಬ್ಬಿಸಿದ. "ಕಾಕಾ, ಸಿಕ್ಕೇತಿ ನೋಡ್ರಿ!" ಪರದೆಯ ಮೇಲೆ ಚೂಪಾದ ಶಿಖರ; ಆವರ್ತನ ಕಾಲ ಸುಮಾರು 1.2 ಸೆಕೆಂಡು. ಗುರಿಯಿಟ್ಟ ಪಲ್ಸಾರ್ ಅದಲ್ಲ, ಬೇರೊಂದು ಸಿಕ್ಕಿರಬೇಕೆಂಬುದು ಅವನ ಸಂಭ್ರಮ. ವಿಜ್ಞಾನ ಪ್ರದರ್ಶನಕ್ಕೆ ಚಿತ್ರ ಕಳಿಸಲು ಆಗಲೇ ಹೆಸರು ಬರೆದಿದ್ದ. ನನ್ನ ಮನಸ್ಸೂ ಹಿಗ್ಗಿತೆಂದು ಒಪ್ಪಿಕೊಳ್ಳಬೇಕು.

ಆದರೂ ಮೂರು ಪರೀಕ್ಷೆ ಮಾಡಿದೆವು. ಕಾಲುವೆಗಳನ್ನು ಸರಿಸದೆ ಹಾಗೆಯೇ ಕೂಡಿಸಿದಾಗ ಶಿಖರ ಇನ್ನಷ್ಟು ಚೂಪಾಯಿತು; ಎಲ್ಲ ಕಂಪನಾಂಕಗಳೂ ಒಟ್ಟಿಗೇ ಬಂದಿದ್ದವು. ಆಂಟೆನಾವನ್ನು ಬೇರೆ ದಿಕ್ಕಿಗೆ ತಿರುಗಿಸಿದರೂ ಅದು ಅಲ್ಲೇ ಇತ್ತು. ನಕ್ಷತ್ರವಾದರೆ ದಿನಕ್ಕೆ 4 ನಿಮಿಷ ಮೊದಲು ಬರಬೇಕು. ಇದು ಪ್ರತಿ ಸಂಜೆ ಕತ್ತಲಾದೊಡನೆ ಬರುತ್ತಿತ್ತು. ಮಗ್ಗುಲ ಹೊಲದವರನ್ನು ವಿಚಾರಿಸಿದೆ. "ಹಂದಿ ಕಾಟರೀ ಸರ, ಸಂಜೀಮುಂದ ಸೋಲಾರ್ ಬೇಲಿ ಚಾಲೂ ಮಾಡ್ತೇನ್ರಿ" ಎಂದರು. ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ಎಂಬಂತೆ ವಿದ್ಯುತ್ತನ್ನು ಹೊಡೆಯುತ್ತದೆ. ತಂತಿಗೆ ತಾಗಿದ ಹಸಿ ಬಳ್ಳಿಯಲ್ಲಿ ಹಾರುತ್ತಿದ್ದ ಕಿಡಿಯೇ ನಮ್ಮ ನಕ್ಷತ್ರ!

ಹುಡುಗನ ಮುಖ ಬಾಡಿತು. ಆದರೆ ಪ್ರದರ್ಶನದ ಪಟ್ಟಿಯಿಂದ ಹೆಸರನ್ನು ತಾನೇ ಹೊಡೆದುಹಾಕಿದ. ಮರುದಿನ ರೈತರೊಡನೆ ಹೋಗಿ ಬಳ್ಳಿಯನ್ನು ಕಡಿದು ಬಂದ. ಬೇಲಿಗೂ ಅದರಿಂದ ಒಳಿತಾಯಿತು. ಆ ರಾತ್ರಿ ಶಿಖರವಿರಲಿಲ್ಲ. ಬರಿಯ ಗದ್ದಲವಿತ್ತು. ಪ್ರಾಮಾಣಿಕವಾದ ಗದ್ದಲ.

ಅಂಕಿಗಳನ್ನು ಹಸನು ಮಾಡುವುದೆಂದರೆ ನಮಗೆ ಬೇಕಾದದ್ದು ಕಾಣುವವರೆಗೆ ತೂರುವುದಲ್ಲ. ಕಸ ಯಾವುದೆಂದು ಮೊದಲೇ ನಿಶ್ಚಯಿಸಿ, ತೆಗೆದದ್ದನ್ನೆಲ್ಲ ಬರೆದಿಟ್ಟು, ಉಳಿದದ್ದನ್ನು ಒಪ್ಪಿಕೊಳ್ಳುವುದು. ಬಿ 0329+54 ನಮಗಿನ್ನೂ ಸಿಕ್ಕಿಲ್ಲ. ಹುಡುಗ ಇನ್ನೊಂದು ಆಂಟೆನಾ ಕಟ್ಟುತ್ತಿದ್ದಾನೆ. ನಕ್ಷತ್ರವಂತೂ ತನ್ನ ಪಾಡಿಗೆ ತಾನು ಮಿಡಿಯುತ್ತಲೇ ಇದೆ, ಅದಕ್ಕೆ ಅವಸರವಿಲ್ಲ. ನಮಗೂ ಇರಬಾರದು.