ಹಿತ್ತಿಲ ಮದ್ದು, ಅದರ ಅಳತೆ ಮತ್ತು ಮಿತಿ



ಹಿಂಗಾರು ಮಳೆ ಹಿಂದೆ ಸರಿದು ಬಿಳಿಗಿರಿರಂಗನ ಬೆಟ್ಟದ ಮೇಲೆ ಮಂಜು ಕವಿಯುವ ಹೊತ್ತಿಗೆ ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಮನೆಮನೆಯಲ್ಲೂ ಕೆಮ್ಮು ಕೇಳತೊಡಗುತ್ತದೆ. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಸಾಮಾನ್ಯವಾಗಿ ಪ್ರಾಣಕ್ಕೆ ಎರವಾಗದಿದ್ದರೂ ವಾರವಿಡೀ ಕೂಲಿಯನ್ನೂ ಪಾಠವನ್ನೂ ಕೆಡಿಸುವ ಕಾಯಿಲೆಯದು. ಅದಕ್ಕೆ ಪ್ರತಿ ಮನೆಯಲ್ಲೂ ಒಂದು ಕಷಾಯವುಂಟು. ಆ ಕಷಾಯವನ್ನು ಹೇಗೆ ಮಾಡಬೇಕು, ಅದಕ್ಕೆ ಬೇಕಾದ ಸೊಪ್ಪು-ಬೇರುಗಳನ್ನು ಎಲ್ಲಿಂದ ತರಬೇಕು, ಯಾವಾಗ ಕಷಾಯದ ಲೋಟವನ್ನು ಕೆಳಗಿಟ್ಟು ಆಸ್ಪತ್ರೆಗೆ ಹೊರಡಬೇಕು ಎಂಬ ಮೂರು ಪ್ರಶ್ನೆಗಳೇ ಇಂದಿನ ಮಾತಿನ ವಿಷಯ.

ಮೊದಲು ಕಾಯಿಲೆಯ ಸ್ವರೂಪವನ್ನು ತಿಳಿಯಬೇಕು. ನೆಗಡಿಯೂ ಫ್ಲೂ ಜ್ವರವೂ ವೈರಾಣುಗಳಿಂದ ಬರುತ್ತವೆ. ನೆಗಡಿ ಮೆಲ್ಲನೆ ಆರಂಭವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಫ್ಲೂ ಹಠಾತ್ತನೆ ಜ್ವರ, ಮೈಕೈ ನೋವು, ನಿತ್ರಾಣಗಳೊಂದಿಗೆ ಎರಗುತ್ತದೆ. ಯಾವ ಕಷಾಯವೂ ಈ ವೈರಾಣುಗಳನ್ನು ಕೊಲ್ಲುವುದೆಂದು ಸಾಬೀತಾಗಿಲ್ಲ. ಅಂಗಡಿಯಿಂದ ಕೇಳಿ ತರುವ ಆ್ಯಂಟಿಬಯೋಟಿಕ್ ಮಾತ್ರೆಯೂ ವೈರಾಣುವನ್ನು ಮುಟ್ಟಲಾರದು. ಗಂಟಲಿನ ಉರಿಯನ್ನು ತಣಿಸುವುದು, ಕಫವನ್ನು ಸಡಿಲಿಸುವುದು, ದೇಹಕ್ಕೆ ಬಿಸಿನೀರನ್ನೂ ನಿದ್ರೆಯನ್ನೂ ಒದಗಿಸುವುದು ಮನೆಮದ್ದಿನ ಕೆಲಸ. ಅಷ್ಟನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಇನ್ನು ತಯಾರಿಕೆ. ಕಷಾಯದ ಪುಡಿಗೆ ನಾಲ್ಕು ಭಾಗ ಕೊತ್ತಂಬರಿ ಬೀಜ, ಎರಡು ಭಾಗ ಜೀರಿಗೆ, ಒಂದು ಭಾಗ ಕಾಳುಮೆಣಸು, ಒಂದು ಭಾಗ ಒಣಶುಂಠಿ ಸಾಕು. ಮೊದಲ ಮೂರನ್ನು ಬೇರೆಬೇರೆಯಾಗಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಶುಂಠಿಯೊಡನೆ ಪುಡಿ ಮಾಡಿ, ತೇವವಿಲ್ಲದ ಡಬ್ಬಿಯಲ್ಲಿ ತುಂಬಿಡಬೇಕು. ಎರಡು ಲೋಟ ನೀರಿಗೆ ಒಂದು ಟೀ ಚಮಚ ಪುಡಿ ಹಾಕಿ, ಒಂದು ಲೋಟವಾಗುವಷ್ಟು ಕುದಿಸಿ, ಸೋಸಿ, ಸ್ವಲ್ಪ ಬೆಲ್ಲ ಬೆರೆಸಿ ಕುಡಿಯಬೇಕು. ತುಳಸಿಯಿದ್ದರೆ ಇಳಿಸುವ ಮುನ್ನ ಏಳೆಂಟು ಎಲೆ ಹಾಕಬಹುದು. ದಿನಕ್ಕೆ ಎರಡು ಲೋಟ ಮೀರಬಾರದು. ಮೆಣಸು, ಶುಂಠಿ ಹೆಚ್ಚಾದರೆ ಹೊಟ್ಟೆಯುರಿ ಬರುತ್ತದೆ.

ದೊಡ್ಡಪತ್ರೆಯ ನಾಲ್ಕೈದು ಎಲೆಗಳನ್ನು ಹೆಂಚಿನ ಮೇಲೆ ಬಾಡಿಸಿ ಹಿಂಡಿದರೆ ಒಂದು ಚಮಚ ರಸ ದೊರೆಯುತ್ತದೆ; ಅದನ್ನು ಜೇನಿನೊಡನೆ ನೆಕ್ಕಿಸುವುದು ಹಳೆಯ ರೂಢಿ. ರಾತ್ರಿ ಮಲಗುವ ಮುನ್ನ ಒಂದು ಚಮಚ ಜೇನು ಕೆಮ್ಮನ್ನು ತಗ್ಗಿಸುತ್ತದೆಂದು ಆಧುನಿಕ ಅಧ್ಯಯನಗಳೂ ಕಂಡುಕೊಂಡಿವೆ. ಆದರೆ ವರ್ಷ ತುಂಬದ ಕೂಸಿಗೆ ಜೇನನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಿ, ಕೂಸಿನ ಸ್ನಾಯುಗಳನ್ನು ನಿಶ್ಚಲಗೊಳಿಸಬಲ್ಲವು. ಗಂಟಲು ನೋವಿಗೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದಕ್ಕಿಂತ ಅಗ್ಗದ ಉಪಾಯವಿಲ್ಲ. ಕುದಿನೀರಿನ ಹಬೆಯನ್ನು ಮಕ್ಕಳಿಗೆ ಹಿಡಿಸಬಾರದು. ಪಾತ್ರೆ ಮಗುಚಿ ಮೈ ಸುಟ್ಟುಕೊಂಡವರ ಸಂಗತಿಗಳನ್ನು ವೈದ್ಯರು ಮತ್ತೆ ಮತ್ತೆ ದಾಖಲಿಸಿದ್ದಾರೆ.

ಅರಿಶಿನದ ವಿಚಾರದಲ್ಲಿ ಈ ಜಿಲ್ಲೆ ಪುಣ್ಯವಂತ ಜಿಲ್ಲೆ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಹೊಲಗಳಲ್ಲಿ ಬೆಳೆದ ಅರಿಶಿನ ಈರೋಡಿನ ಮಾರುಕಟ್ಟೆಗೆ ಹೋಗುತ್ತದೆ. ಬೆಳೆದ ಮನೆಯವರೇ ಬಣ್ಣದ ಪೊಟ್ಟಣವನ್ನು ಅಂಗಡಿಯಿಂದ ತರುವುದು ವಿಪರ್ಯಾಸ. ಹೊಳಪಿಗಾಗಿ ಸೀಸದ ಬಣ್ಣ ಬೆರೆಸಿದ ಅರಿಶಿನ ಭಾರತದ ಕೆಲವು ನಗರಗಳಲ್ಲಿ ಪತ್ತೆಯಾಗಿದೆ. ಸೀಸ ಮಕ್ಕಳ ಮೆದುಳಿಗೆ ವಿಷ. ಬೇಯಿಸಿ ಒಣಗಿಸಿದ ಒಂದೆರಡು ಸೇರು ಅರಿಶಿನದ ಕೊಂಬನ್ನು ವರ್ಷದ ಬಳಕೆಗೆ ಎತ್ತಿಡುವುದು ಕಷ್ಟವೇನಲ್ಲ. ಹಾಲಿಗೆ ಕಾಲು ಚಮಚ ಅರಿಶಿನ ಹಾಕುವಾಗ ಚಿಟಿಕೆ ಮೆಣಸಿನ ಪುಡಿ ಬೆರೆಸುವ ಪದ್ಧತಿಗೂ ಅರ್ಥವಿದೆ. ಅರಿಶಿನದ ಸಾರವನ್ನು ದೇಹ ಹೀರಿಕೊಳ್ಳಲು ಮೆಣಸು ನೆರವಾಗುತ್ತದೆ.

ಮನೆಯ ಬೇಲಿಯಲ್ಲೇ ಇರಬೇಕಾದ ಇನ್ನೊಂದು ಗಿಡ ಆಡುಸೋಗೆ. ಯಾವ ಸೊಪ್ಪನ್ನೂ ಬಿಡದ ಆಡೂ ಇದನ್ನು ಮುಟ್ಟದು. ಹಾಗಾಗಿ ಇದು ಮೇಯದೆ ಉಳಿಯುವ ಜೀವಂತ ಬೇಲಿ. ಕಡ್ಡಿ ನೆಟ್ಟರೆ ಚಿಗುರುತ್ತದೆ. ಇದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಸತ್ತ್ವವನ್ನು ಆಧರಿಸಿಯೇ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಎಂಬ ಔಷಧವನ್ನು ರೂಪಿಸಲಾಯಿತು. ‘ಹಿತ್ತಿಲ ಗಿಡ ಮದ್ದಲ್ಲ’ ಎಂದು ಮೂಗು ಮುರಿಯುವವರು ಪೇಟೆಯಿಂದ ತರುವ ಸಿರಪ್ಪಿನ ಬೇರು ಅದೇ ಹಿತ್ತಿಲಲ್ಲಿರಬಹುದು. ಆದರೆ ಅದೇ ಸತ್ತ್ವ ಗರ್ಭಕೋಶವನ್ನು ಕುಗ್ಗಿಸಬಲ್ಲದು. ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು. ಗಿಡವೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು. 2020ರಲ್ಲಿ ಕೊರೋನಾ ಹರಡಿದಾಗ ಅಮೃತಬಳ್ಳಿಯನ್ನು ದಿನವೂ ಕುಡಿದವರು ಅನೇಕರು. 2021ರಲ್ಲಿ ಮುಂಬಯಿಯ ವೈದ್ಯರು ಅಂಥ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಪ್ರಕಟಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಯಾವ ಮದ್ದನ್ನೂ ತಿಂಗಳುಗಟ್ಟಲೆ ಕುಡಿಯದಿರುವುದೇ ಕ್ಷೇಮ.

ಎರಡನೆಯ ಪ್ರಶ್ನೆ ಕಾಡಿನದು. ಜೇನೂ ಬೆಟ್ಟದ ನೆಲ್ಲಿಯೂ ಹಿತ್ತಿಲ ವಸ್ತುಗಳಲ್ಲ. ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರು ಇವನ್ನು ತಲೆತಲಾಂತರದಿಂದ ಕಾಡಿನಿಂದ ತಂದವರು. ಈ ಕಾಡು 1974ರಲ್ಲಿ ಅಭಯಾರಣ್ಯವಾಯಿತು. 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿಯ ಪರಿಣಾಮವಾಗಿ ಮಾರಾಟಕ್ಕಾಗಿ ಕಿರು ಅರಣ್ಯ ಉತ್ಪನ್ನ ತರುವುದು ನಿಷಿದ್ಧವಾಗಿ, ಸೋಲಿಗರ ಜೀವನಕ್ಕೆ ಪೆಟ್ಟು ಬಿತ್ತು. 2006ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ 2011ರಲ್ಲಿ ಅವರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಕಾಡು ಹುಲಿ ರಕ್ಷಿತಾರಣ್ಯವಾದದ್ದೂ ಅದೇ ವರ್ಷ.

ಹಕ್ಕು ಬಂದರೂ ನೆಲ್ಲಿಯ ಕಷ್ಟ ತೀರಿಲ್ಲ. ಮರಗಳಿಗೆ ಬಂದಳಿಕೆ ಹತ್ತಿ ರೆಂಬೆಗಳು ಸೊರಗುತ್ತಿವೆ. ಕೆಳಗೆ ಲಂಟಾನದ ಪೊದೆ ಕವಿದು ಎಳೆಯ ಸಸಿಗಳಿಗೆ ಬೆಳಕಿಲ್ಲದಾಗಿದೆ. ಇಂಥ ಹೊತ್ತಿನಲ್ಲಿ ಕಾಯಿಗಾಗಿ ರೆಂಬೆ ಕಡಿಯುವುದು, ಬೇರಿಗಾಗಿ ಗಿಡ ಕೀಳುವುದು, ತೊಗಟೆಯನ್ನು ಸುತ್ತಲೂ ಸುಲಿಯುವುದು ಮುಂದಿನ ವರ್ಷದ ಮದ್ದನ್ನೇ ಕೊಂದಂತೆ. ನೆಲ್ಲಿ ವಿಟಮಿನ್ ಸಿ ತುಂಬಿದ ಉತ್ತಮ ಆಹಾರ ನಿಜ; ಆದರೆ ಅದನ್ನು ತಿಂದವರಿಗೆ ನೆಗಡಿಯೇ ಬಾರದೆಂಬುದಕ್ಕೆ ಆಧಾರವಿಲ್ಲ. ಮನೆಗೆ ಬೇಕಾದ ತುಳಸಿ, ದೊಡ್ಡಪತ್ರೆ, ಶುಂಠಿ, ಆಡುಸೋಗೆಗಳನ್ನು ಬಚ್ಚಲ ನೀರಿನಲ್ಲೇ ಬೆಳೆಯಬಹುದು. ನೆಲ್ಲಿಯನ್ನೂ ಜೇನನ್ನೂ ಕೊಳ್ಳುವವರು, ಮರ ಉಳಿಸಿ ಕೊಯ್ಯುವ ಸೋಲಿಗರಿಂದ ನ್ಯಾಯವಾದ ಬೆಲೆಗೆ ಕೊಳ್ಳಲಿ.

ಮೂರನೆಯ ಪ್ರಶ್ನೆ ಪ್ರಾಣದ್ದು. ಕೆಮ್ಮುವ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಲು ಪ್ರತಿ ತಾಯಿಯೂ ಪ್ರತಿ ವಿದ್ಯಾರ್ಥಿಯೂ ಕಲಿಯಬೇಕು. ಮಗು ಅಳದೆ ಶಾಂತವಾಗಿದ್ದಾಗ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷ ತುಂಬುವವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾಟವಿದ್ದರೆ ಅದು ನ್ಯುಮೋನಿಯಾದ ಸೂಚನೆ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಸೇದಿದರೆ, ತುಟಿ ನೀಲಿಗಟ್ಟಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಕಷಾಯ ಕಾಯಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಕಾಡಿನೊಳಗಿನ ಪೋಡಿನಿಂದ ರಸ್ತೆಗೆ ಬರುವುದಕ್ಕೇ ಹೊತ್ತು ಹಿಡಿಯುವಾಗ, ರಾತ್ರಿ ಕಳೆಯಲೆಂದು ಕಾಯುವುದು ಅಪಾಯ. ದೊಡ್ಡವರಲ್ಲಿ ಜ್ವರ ಮೂರು ದಿನ ಮೀರಿದರೆ, ಎದೆನೋವು ಅಥವಾ ಏದುಸಿರು ಕಂಡರೆ ವೈದ್ಯರನ್ನು ಕಾಣಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯದ ಪರೀಕ್ಷೆ ಉಚಿತ.

ಅಜ್ಜಿಯರ ಕೈಯಳತೆಯಲ್ಲಿ ಉಳಿದಿರುವ ತಿಳಿವಳಿಕೆ ಅವರೊಂದಿಗೇ ಮುಗಿದುಹೋಗಬಾರದು. ವಿದ್ಯಾರ್ಥಿಗಳು ಈ ಚಳಿಗಾಲದಲ್ಲಿ ಮನೆಯ ಹಿರಿಯರ ಬಳಿ ಕುಳಿತು ಗಿಡದ ಹೆಸರು, ಬಳಸುವ ಭಾಗ, ಅಳತೆ, ಯಾರಿಗೆ ಸಲ್ಲದು ಎಂಬ ನಾಲ್ಕು ಸಂಗತಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಅದೇ ಪುಟದ ಕೊನೆಗೆ 60, 50, 40 ಎಂಬ ಮೂರು ಸಂಖ್ಯೆಗಳನ್ನೂ ಬರೆದುಕೊಳ್ಳಲಿ. ಶಾಲೆಯ ಕೈತೋಟದಲ್ಲಿ ಒಂದು ಸಾಲು ಆಡುಸೋಗೆ, ಒಂದು ಮಡಿ ದೊಡ್ಡಪತ್ರೆ ಬೆಳೆದರೆ, ಕಡ್ಡಿಗಳು ಮನೆಮನೆಗೂ ಸಿಗುತ್ತವೆ.