ಭರ್ತಿಯ ಬೆರಳು, ವ್ಯಂಗ್ಯದ ಗೆರೆ



ಯುದ್ಧಕಾಲದ ಸೈನ್ಯಭರ್ತಿಯನ್ನು ಗೇಲಿ ಮಾಡಿದ ವ್ಯಂಗ್ಯಚಿತ್ರಗಳ ಬಗ್ಗೆ ಬೈಲಹೊಂಗಲದಲ್ಲಿ ನಿಂತು ಮಾತನಾಡುವುದಕ್ಕೆ ಸ್ವಲ್ಪ ಧೈರ್ಯ ಬೇಕು. ಇಲ್ಲಿಯೂ ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯೂ ಸೈನ್ಯದಲ್ಲಿ ದುಡಿದವರ ಮನೆಗಳು ಕಡಿಮೆಯೇನಿಲ್ಲ. ಆದ್ದರಿಂದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಚಿತ್ರಗಳಲ್ಲಿ ಒಳ್ಳೆಯವು ಸಿಪಾಯಿಯನ್ನು ನೋಡಿ ನಗುವುದಿಲ್ಲ. ಭರ್ತಿಯ ಮೇಜಿನ ಹಿಂದೆ ಕುಳಿತವನನ್ನು ನೋಡಿ ನಗುತ್ತವೆ.

ದಪ್ಪ ಮೀಸೆಯ ಸೇನಾನಿಯೊಬ್ಬ ನೋಡುವವರತ್ತ ನೇರವಾಗಿ ಬೆರಳು ಚಾಚಿದ ಚಿತ್ರವನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಆತ ಲಾರ್ಡ್ ಕಿಚನರ್. 1902ರಿಂದ 1909ರವರೆಗೆ ಭಾರತದ ಸೇನೆಯ ದಂಡನಾಯಕನಾಗಿದ್ದವನು, ಮೊದಲನೆಯ ಮಹಾಯುದ್ಧ ಆರಂಭವಾದಾಗ ಬ್ರಿಟನ್ನಿನ ಯುದ್ಧಮಂತ್ರಿಯಾದವನು. ಆ ಚಿತ್ರವನ್ನು ಬರೆದ ಆಲ್‌ಫ್ರೆಡ್ ಲೀಟ್ ವೃತ್ತಿಯಿಂದ ಹಾಸ್ಯಚಿತ್ರಕಾರ! 1914ರ ಸೆಪ್ಟೆಂಬರ್ 5ರ ‘ಲಂಡನ್ ಒಪಿನಿಯನ್’ ಪತ್ರಿಕೆಯ ಮುಖಪುಟಕ್ಕೆ ಬರೆದದ್ದು ಮುಂದೆ ಭರ್ತಿಯ ಭಿತ್ತಿಪತ್ರವಾಯಿತು. ಅದೇ ಭಂಗಿಯನ್ನು ಅಮೆರಿಕದ ಜೇಮ್ಸ್ ಮಾಂಟ್ಗೊಮೆರಿ ಫ್ಲ್ಯಾಗ್ ‘ಅಂಕಲ್ ಸ್ಯಾಮ್’ಗೆ ಕೊಟ್ಟ. 1917-18ರಲ್ಲಿ ಅದರ ಸುಮಾರು 40 ಲಕ್ಷ ಪ್ರತಿಗಳು ಅಚ್ಚಾದವು.

ಹೀಗೆ ಭರ್ತಿಗೆ ಕರೆದದ್ದೂ ಚಿತ್ರಕಾರನೇ, ಆ ಕರೆಯನ್ನು ಪ್ರಶ್ನಿಸಿದ್ದೂ ಚಿತ್ರಕಾರನೇ. ನ್ಯೂಯಾರ್ಕಿನ ‘ದಿ ಮಾಸಸ್’ ಪತ್ರಿಕೆಯಲ್ಲಿ 1916ರಲ್ಲಿ ರಾಬರ್ಟ್ ಮೈನರ್ ಬರೆದ ಚಿತ್ರದಲ್ಲಿ ಸೇನೆಯ ವೈದ್ಯ ಭರ್ತಿಗೆ ಬಂದವನನ್ನು ಪರೀಕ್ಷಿಸುತ್ತಿದ್ದಾನೆ. ಬಂದವನದು ಬೆಟ್ಟದಂಥ ಮೈಕಟ್ಟು, ಆದರೆ ತಲೆಯೇ ಇಲ್ಲ. ಕೊನೆಗೂ ತಕ್ಕ ಸಿಪಾಯಿ ಸಿಕ್ಕನೆಂದು ವೈದ್ಯ ಹಿಗ್ಗುತ್ತಾನೆ. ಮರುವರ್ಷ ಅದೇ ಪತ್ರಿಕೆಯಲ್ಲಿ ಗ್ಲಿಂಟೆನ್‌ಕ್ಯಾಂಪ್ ಎಂಬ ಕಲಾವಿದ, ತರುಣನೊಬ್ಬನ ಅಳತೆ ತೆಗೆದುಕೊಳ್ಳುತ್ತಿರುವ ಅಸ್ಥಿಪಂಜರವನ್ನು ಬರೆದ.

ಸರಕಾರ ಸುಮ್ಮನಿರಲಿಲ್ಲ. ಭರ್ತಿಗೆ ಅಡ್ಡಿಪಡಿಸಲು ಸಂಚು ಮಾಡಿದರೆಂದು ಪತ್ರಿಕೆಯವರ ಮೇಲೆ 1918ರಲ್ಲಿ ಎರಡು ಬಾರಿ ವಿಚಾರಣೆ ನಡೆಯಿತು. ಆರೋಪಿಗಳಲ್ಲೊಬ್ಬನಾಗಿದ್ದ ವ್ಯಂಗ್ಯಚಿತ್ರಕಾರ ಆರ್ಟ್ ಯಂಗ್ ನ್ಯಾಯಾಲಯದಲ್ಲೇ ತೂಕಡಿಸಿದ. ಆಮೇಲೆ ತಾನು ತೂಕಡಿಸಿದ್ದನ್ನೂ ಚಿತ್ರವಾಗಿಸಿದ. ಎರಡು ಬಾರಿಯೂ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಆದರೆ ಅಷ್ಟರಲ್ಲಿ ಪತ್ರಿಕೆಯೇ ನಿಂತುಹೋಗಿತ್ತು.

ಇದೆಲ್ಲ ದೂರದ ಕತೆಯಾಯಿತು. ಇನ್ನು ನಮ್ಮ ಕಡೆ ಬರೋಣ.

ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 13 ಲಕ್ಷ ಭಾರತೀಯರು ದುಡಿದರು. ಸುಮಾರು 74 ಸಾವಿರ ಮಂದಿ ಸತ್ತರು. ಕರೆದ ಸರಕಾರ ಯಾವುದು? 1824ರಲ್ಲಿ ಕಿತ್ತೂರಿನ ಮೇಲೆ ಬಂದು, ರಾಣಿ ಚೆನ್ನಮ್ಮನನ್ನು ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟ ಕಂಪನಿ ಆಡಳಿತದ ಉತ್ತರಾಧಿಕಾರಿ. ಸೇವೆಗಾಗಿ ಭೂಮಿ ಪಡೆದ ಶೇತಸನದಿ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದೂ ಅದೇ ಆಡಳಿತ. 1857ರಲ್ಲಿ ಹಲಗಲಿಯ ಬೇಡರು ಬಂಡೆದ್ದದ್ದು ಆಯುಧಗಳನ್ನು ಒಪ್ಪಿಸಿರೆಂಬ ಆಜ್ಞೆಯ ವಿರುದ್ಧ. ಅಂದು ಆಯುಧ ಕೆಳಗಿಡು ಎಂದವರೇ 1914ರಲ್ಲಿ ಬಂದೂಕು ಹಿಡಿ ಎಂದರು. ಇಷ್ಟನ್ನು ಎರಡು ಚೌಕಗಳಲ್ಲಿ ಬರೆದರೆ ಸಾಕು, ಕೆಳಗೆ ಬರಹವೇ ಬೇಕಿಲ್ಲ.

ಕರೆ ಎಲ್ಲರಿಗೂ ಇರಲಿಲ್ಲವೆಂಬುದು ಇನ್ನೊಂದು ವ್ಯಂಗ್ಯ. ಕೆಲವು ಜಾತಿಗಳಷ್ಟೇ ಯುದ್ಧವೀರರೆಂಬ ಸಿದ್ಧಾಂತ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸೇನೆಯಲ್ಲಿ ಬೇರುಬಿಟ್ಟಿತ್ತು. ಅದರ ಪ್ರಕಾರ ಮಹಾರ್ ಸಮುದಾಯದವರಿಗೆ ಬಾಗಿಲು ಮುಚ್ಚಲಾಯಿತು. 1917ರಲ್ಲಿ ಜನ ಸಾಲದಾದಾಗ ಅವರದೇ ಪಲ್ಟಣ ಕಟ್ಟಿದರು. ಯುದ್ಧ ಮುಗಿದ ಮೇಲೆ, 1921ರಲ್ಲಿ, ವಿಸರ್ಜಿಸಿದರು. ಎರಡನೆಯ ಯುದ್ಧ ಬಂತು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು. ಅದೇ ಯುದ್ಧಕಾಲದಲ್ಲಿ ಲಿಂಗಾಯತ ಬೆಟಾಲಿಯನ್ನೂ ರೂಪುಗೊಂಡು, ಯುದ್ಧದೊಂದಿಗೆ ಅದರ ಕತೆಯೂ ಮುಗಿಯಿತು. ಆ ಜನರ ಶೌರ್ಯ ನಡುವೆ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಬದಲಾದದ್ದು ಸರಕಾರದ ಗರಜು ಮಾತ್ರ.

ಈ ಗರಜನ್ನು ಟಿಳಕರು ಚೆನ್ನಾಗಿ ಅರಿತಿದ್ದರು. 1916ರ ಏಪ್ರಿಲ್ 28ರಂದು ಬೆಳಗಾವಿಯಲ್ಲಿ ಅವರ ಹೋಂ ರೂಲ್ ಲೀಗ್ ಸ್ಥಾಪನೆಯಾಯಿತು. ಅದರ ಮರುದಿನವೇ ಮೆಸಪೊಟೇಮಿಯಾದ ಕುಟ್‌ನಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿದ್ದ ಬ್ರಿಟಿಷ್ ಪಡೆ ತುರ್ಕರಿಗೆ ಶರಣಾಯಿತು. ಅದರಲ್ಲಿ ಮರಾಠಾ ಪಲ್ಟಣಗಳೂ ಇದ್ದವು. ಟಿಳಕರು ಭರ್ತಿ ಬೇಡವೆನ್ನಲಿಲ್ಲ. ಸೈನಿಕರನ್ನು ಕೇಳುವವರು ಸ್ವರಾಜ್ಯವನ್ನೂ ಅಧಿಕಾರಿಯ ಪದವಿಯನ್ನೂ ಕೊಡಲಿ ಎಂದರು. 1918ರ ಜೂನಿನಲ್ಲಿ ಮುಂಬಯಿಯ ಯುದ್ಧ ಪರಿಷತ್ತಿನಲ್ಲಿ ಈ ಮಾತು ಎತ್ತಿದಾಗ ಗವರ್ನರ್ ವಿಲಿಂಗ್ಡನ್ ಅವರನ್ನು ತಡೆದ. ಟಿಳಕರು ಎದ್ದು ಹೊರನಡೆದರು.

ಎರಡನೆಯ ಯುದ್ಧದ ಹೊತ್ತಿಗೆ ಬಾಯಿ ಕಟ್ಟುವ ಸಿದ್ಧತೆ ಮೊದಲೇ ಆಗಿತ್ತು. ಸೈನ್ಯಕ್ಕೆ ಸೇರಬೇಡಿರೆಂದು ಬಹಿರಂಗವಾಗಿ ಹೇಳುವುದನ್ನು ಅಪರಾಧ ಮಾಡುವ ಕಾನೂನು 1938ರಲ್ಲೇ ಬಂತು. 1939ರ ಏಪ್ರಿಲ್‌ನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ದಂಗೆಯೆದ್ದಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ವೈಸರಾಯ್ ಜನಪ್ರತಿನಿಧಿಗಳನ್ನು ಕೇಳದೆಯೇ ಭಾರತ ಯುದ್ಧದಲ್ಲಿದೆ ಎಂದು ಸಾರಿದ. ಕನ್ನಡದ ನಗೆಪತ್ರಿಕೆ ‘ಕೊರವಂಜಿ’ಯನ್ನು ರಾಶಿಯವರು ಬೆಂಗಳೂರಿನಲ್ಲಿ ಆರಂಭಿಸಿದ್ದು ಇಂಥ ಕಾಲದಲ್ಲೇ, 1942ರಲ್ಲಿ. ಆರ್.ಕೆ. ಲಕ್ಷ್ಮಣ್ ತಾರುಣ್ಯದಲ್ಲಿ ಚಿತ್ರ ಬರೆದ ಪತ್ರಿಕೆ ಅದು.

ಆದರೆ ಓದು ಬಾರದ ಹಳ್ಳಿಗೆ ಪತ್ರಿಕೆಯ ಚಿತ್ರ ತಲುಪುವುದು ಕಷ್ಟ. ನಮ್ಮಲ್ಲಿ ಆ ಕೆಲಸ ಮಾಡಿದ್ದು ಲಾವಣಿ, ಗೀಗೀ ಪದ, ಸಣ್ಣಾಟ. ಹತ್ತೊಂಬತ್ತನೆಯ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನದಿದೆ, ಹಲಗಲಿಯದಿದೆ, ಬೈಲಹೊಂಗಲದ ಸಂಗ್ಯಾನದಿದೆ. ಸರಕಾರ ಆದಾಯ ತೆರಿಗೆ ಹೇರಿದ್ದರ ಮೇಲೂ ಒಂದಿದೆ. ತೆರಿಗೆಯ ಮೇಲೆ ಹಾಡು ಕಟ್ಟಿದ ಜನ ಮನೆಯ ಮಗನನ್ನೇ ಕೇಳಿದ ಸರಕಾರದ ಬಗ್ಗೆ ಸುಮ್ಮನೆ ಕುಳಿತಿರಲಾರರು.

ಆದ್ದರಿಂದ ನನ್ನದೊಂದು ವಿನಂತಿ. ಪಲ್ಟಣಕ್ಕೆ ಹೋದವರ ಬಗ್ಗೆ, ಕರೆಯಲು ಬಂದ ಸಾಹೇಬನ ಬಗ್ಗೆ ಕಟ್ಟಿದ ಪದವೋ ಚಾಟೋಕ್ತಿಯೋ ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ ಉಳಿದಿದ್ದರೆ ಈಗಲೇ ಬರೆದಿಡಿರಿ. ಸಿಪಾಯಿಯ ಪದಕವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದೇವೆ. ಅವನನ್ನು ಕಳಿಸಿಕೊಟ್ಟ ಊರು ಅಂದು ಏನೆಂದುಕೊಂಡಿತ್ತು ಎಂಬುದು ಮಾತ್ರ ಹಾಡುವವರೊಂದಿಗೇ ಹೋಗಿಬಿಡುತ್ತದೆ.